ಎರಡು ಹಾರೆಗಳ ಮನೆ

ಶಿರಾಳಕೊಪ್ಪದ ಸಂತೆಯ ಬಾಯಲ್ಲಿ ಬೈಕು ನಿಲ್ಲಿಸಿ ಸೇವಂತಿಗೆ ಹಾರ ಕೇಳಿದಾಗ ಹೂವಿನವಳು ಮೊದಲು ಮಾಳೇಶನ ಮುಖ ನೋಡಲಿಲ್ಲ, ಬೈಕಿನ ಪಕ್ಕಕ್ಕೆ ಉದ್ದಕ್ಕೆ ಕಟ್ಟಿದ್ದ ಹಾರೆಯನ್ನು ನೋಡಿದಳು. "ಯಾರು ತೀರಿಕೊಂಡ್ರಪ್ಪಾ?" ಎಂದಳು. ಸೊರಬದ ಕಡೆಯ ಒಬ್ಬ ಹಿರಿಯಮ್ಮ ಎಂದ. "ವಯಸ್ಸಾಗಿತ್ತೇನು?" "ಆಗಿತ್ತು." "ಹಂಗಾದ್ರ ಒಳ್ಳೆ ಸಾವು ಬಿಡ್ರಿ, ಮುಖ ಯಾಕ ಹಂಗ್ ಮಾಡೀರಿ," ಎಂದು ಹಾರವನ್ನು ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಳು. ತನ್ನ ಮುಖ ಹೇಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ಅದನ್ನು ಎಲ್ಲಿಯೋ ಬಿಟ್ಟು ಬಂದಹಾಗಿತ್ತು. ಹಾರವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಲು ಬಗ್ಗಿದಾಗ ಬಿಸಿಲು ಹಾರೆಯ ತಲೆಗೆ ಬಿತ್ತು. ಅಲ್ಲಿ ತಾಮ್ರದ ಬಳೆಯಿತ್ತು. ಅವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ, ಬೆರಳಿನಿಂದ ಮುಟ್ಟಿಯೂ ನೋಡಿದ. ಬಳೆ ಇದ್ದೇ ಇತ್ತು. ಹಿಂದಿನಿಂದ ಈರುಳ್ಳಿ ಚೀಲದ ಆಟೋದವನು ಹಾರನ್ ಬಾರಿಸುತ್ತಿದ್ದ, ಮಾಳೇಶನಿಗೆ ಅದು ಬಹಳ ದೂರದ ಯಾರದೋ ಗಲಾಟೆಯಂತೆ ಕೇಳಿಸಿತು.

ಬಳೆ ಇರುವುದು ಶಿಕಾರಿಪುರದ ಹಾರೆಗೆ. ಸೊರಬದ ಹಾರೆಗೆ ಬಳೆಯಿಲ್ಲ, ತಲೆಯ ಹತ್ತಿರ ಉಳಿಯಿಂದ ಕೊರೆದ ಮೂರು ಗೀರುಗಳಿವೆ. ಎರಡೂ ಶಿಕಾರಿಪುರದ ಅವನ ಮನೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದವು. ನಸುಕಿನಲ್ಲಿ ಅಕ್ಕ ರಾಜೇಶ್ವರಮ್ಮ ತೀರಿಕೊಂಡಳೆಂದು ಸೊರಬದ ಭೀಮಣ್ಣನ ಫೋನು ಬಂದಾಗ, ದೀಪ ಹಾಕಿದರೆ ಪಕ್ಕದ ಮಂಚದ ಅವ್ವನಿಗೆ ಎಚ್ಚರವಾದೀತೆಂದು ಕತ್ತಲಲ್ಲೇ ಕೈಹಾಕಿ ಒಂದನ್ನು ಎಳೆದುಕೊಂಡು ಬಂದಿದ್ದ. ಕಳ್ಳತನ ಮಾಡುವವನು ಬೇರೆಯವರ ಮನೆಯಲ್ಲಿ ಕತ್ತಲು ಹುಡುಕುತ್ತಾನೆ, ಇವನು ತನ್ನ ಮನೆಯಲ್ಲೇ ಹುಡುಕಿದ್ದ. ಇನ್ನು ಈ ಹಾರೆಯನ್ನು ಹಿಡಿದು ಸೊರಬದವರ ಮುಂದೆ ನಿಲ್ಲುವಂತಿಲ್ಲ. ತಿರುಗಿ ಹೋಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಮೀರುತ್ತದೆ, ರಾಜೇಶ್ವರಮ್ಮನ ಹೆಣ ಅಂಗಳದಲ್ಲಿ ಕಾಯುತ್ತದೆ. ಹಾರೆ ಹಿಡಿದವನು ಬಂದು ಮೊದಲ ಏಟು ಹಾಕದೆ ಗುಂಡಿಗೆ ಯಾರೂ ಕೈ ಹಚ್ಚುವುದಿಲ್ಲ.

ಹೆಗಲು ಬಳಗಕ್ಕೆ ಬೋರ್ಡಿಲ್ಲ, ಕಟ್ಟಡವಿಲ್ಲ. ಇರುವುದು ಒಂದು ಹಾರೆ ಮತ್ತು ಒಂದಿಷ್ಟು ಗಂಡಸರು. ಬಳಗದವರ ಮನೆಯಲ್ಲಿ ಸಾವಾದರೆ ಉಳಿದವರು ಹಿಡಿದ ಕೆಲಸ ಬಿಟ್ಟು ಬರುತ್ತಾರೆ, ಗುಂಡಿ ತೋಡುತ್ತಾರೆ, ಚಟ್ಟ ಹೊರುತ್ತಾರೆ, ಆ ಮನೆಯ ಒಲೆ ಹೊತ್ತುವ ತನಕ ತಮ್ಮ ಮನೆಗಳಿಂದ ಊಟ ತಂದು ಹಾಕುತ್ತಾರೆ. ಮಣ್ಣು ಮುಗಿದ ಮೇಲೆ ಹಾರೆಯನ್ನು ತೊಳೆದು ಸರದಿಯ ಮುಂದಿನ ಮನೆಗೆ ಕೊಡುತ್ತಾರೆ, ಮುಂದಿನ ಸಾವಿಗೆ ಮೊದಲ ಏಟು ಆ ಮನೆಯವನದು. ಒಂದು ಬಳಗದವನು ಇನ್ನೊಂದು ಬಳಗಕ್ಕೆ ಸೇರಲೇಬಾರದು ಎಂದೇನೂ ಇಲ್ಲ. ಮೊದಲಿನವರ ಮುಂದೆ ಹೋಗಿ 'ನನಗೆ ಅಲ್ಲಿಯೂ ಒಂದು ಹೆಗಲಿದೆ' ಎಂದು ಬಾಯಿಬಿಟ್ಟು ಹೇಳಬೇಕು, ಎರಡನೆಯವರ ಮುಂದೆಯೂ ಹೇಳಬೇಕು. ಹೇಳಿದವನಿಗೆ ಎರಡು ಕಡೆಯೂ ಜಾಗವುಂಟು. ಆದರೆ ಹಾರೆಯನ್ನು ಮಾತ್ರ ಒಂದೇ ಕಡೆ ಹಿಡಿಯಬೇಕು, ಏಕೆಂದರೆ ಸಾವು ಪಾಳಿ ಕೇಳಿಕೊಂಡು ಬರುವುದಿಲ್ಲ. ಹೇಳದೆ ಎರಡು ಕಡೆ ಇದ್ದವನು ಎರಡು ಕಡೆಯಿಂದಲೂ ಹೊರಗೆ, ಅವನ ಜೊತೆಗೆ ಅವನ ಮನೆಯವರೂ ಹೊರಗೆ. ಇಷ್ಟೇ ಕಟ್ಟಳೆ. ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದ್ದು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ಆ ಒಂದು ಮಾತನ್ನು ಮಾಳೇಶ ಇಷ್ಟು ವರ್ಷ ನುಂಗಿಕೊಂಡು ಬಂದಿದ್ದ.

ಯಾಕೆ ಹೇಳಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಅವನಿಗೆ ಸೊರಬದ ಆಚೆ, ಗುಡವಿಯ ದಾರಿಯಲ್ಲಿದ್ದ ಆ ಬಾಡಿಗೆ ಮನೆಯ ಹಿತ್ತಿಲು ನೆನಪಾಗುತ್ತಿತ್ತು. ಆಗ ಅವನು ಆ ಊರಿನ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್. ಕುರಿಗೆ ಔಷಧಿ ಕುಡಿಸಲು, ಎಮ್ಮೆಗೆ ಸೂಜಿ ಹಾಕಲು ಹೋದಲ್ಲೆಲ್ಲ ಜನ ಡಾಕ್ಟ್ರೇ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಇನ್ಸ್‌ಪೆಕ್ಟರ್ ಎಂದು ಮೊದಲ ದಿನ ಹೇಳಲು ಬಾಯಿ ತೆರೆದಿದ್ದ, ಅಷ್ಟರಲ್ಲಿ ಯಾರೋ ಕಾಫಿ ತಂದುಕೊಟ್ಟರು. ಅವನ ಬದುಕಿನಲ್ಲಿ ಹೇಳಬೇಕಾದ ಮಾತಿನ ಹೊತ್ತಿಗೆ ಸರಿಯಾಗಿ ಯಾರಾದರೂ ಕಾಫಿ ತಂದುಕೊಡುತ್ತಿದ್ದರು. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಕೂಸು ಹೆಸರಿಡುವ ಮೊದಲೇ ಜ್ವರದಲ್ಲಿ ಹೋಯಿತು. ಶಿಕಾರಿಪುರದಿಂದ ಯಾರೂ ಬರುವ ಮೊದಲು ಪಕ್ಕದ ಮನೆಯ ರಾಜೇಶ್ವರಮ್ಮ ಬಂದಳು. ಹೆಂಡತಿ ನಾಗಶ್ರೀ ಕೂಸನ್ನು ಬಿಡದೆ ಅವುಚಿಕೊಂಡಿದ್ದಳು. ರಾಜೇಶ್ವರಮ್ಮ ಎಳೆಯಲಿಲ್ಲ, ಬೈಯಲಿಲ್ಲ, "ನೀರು ಬಿಸಿ ಮಾಡಿದೀನಿ ಕಣೆ, ಆರಿಹೋಗ್ತದೆ, ಕೂಸಿಗೆ ಥಂಡಿ ಆಗ್ತದೆ, ಕೊಡು," ಎಂದಳು. ನಾಗಶ್ರೀ ಕೊಟ್ಟಳು. ಆ ಮುದುಕಿ ಹಿತ್ತಿಲಲ್ಲಿ ಕಾಲು ಚಾಚಿ ಕೂತು, ಬದುಕಿರುವ ಕೂಸಿಗೆ ಎರೆಯುವ ಹಾಗೆ ಕಾಲಿನ ಮೇಲೆ ಮಲಗಿಸಿಕೊಂಡು, ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದು ಎರೆದಳು. ಆ ಅಂಗೈಯನ್ನು ಮಾಳೇಶ ಮರೆತಿರಲಿಲ್ಲ. ಅವಳ ತಮ್ಮ ಭೀಮಣ್ಣ ಬಳಗವನ್ನು ಕರೆದುಕೊಂಡು ಬಂದ. ಅಂಗೈಯಗಲದ ಕೂಸಿಗೆ ಚಟ್ಟ ಬೇಕಿರಲಿಲ್ಲ, ಆದರೂ ಅವರೆಲ್ಲ ಬಂದರು, ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡು ಗುಂಡಿಯವರೆಗೆ ಹೋದರು. ಮಣ್ಣಾದ ಮೇಲೆ ಭೀಮಣ್ಣ ಅವನ ಹೆಗಲಿಗೆ ಟವಲು ಹಾಕಿ, "ಇವತ್ತಿಂದ ನೀವು ನಮ್ಮೋರು ಡಾಕ್ಟ್ರೇ," ಎಂದ. ನನ್ನಪ್ಪನಿಗೆ ಅಲ್ಲೊಂದು ಬಳಗವಿದೆ, ಮುಂದೆ ಅದು ನನ್ನ ತಲೆಗೆ ಬರುತ್ತದೆ ಎಂದು ಆಗಲೇ ಹೇಳಬಹುದಿತ್ತು. ಆಗ ಅಳು ಬಂದಿತ್ತು. ಅಪ್ಪ ಪುಟ್ಟಪ್ಪ ತೀರಿಕೊಂಡ ದಿನ ಶಿಕಾರಿಪುರದಲ್ಲಿ ಅಲ್ಲಿನ ಬಳಗದ ಹಿರಿಯ ಯಲ್ಲಪ್ಪ ಅವನ ಹೆಗಲಿಗೆ ಇನ್ನೊಂದು ಟವಲು ಹಾಕಿದಾಗಲೂ ಅಳು ಬಂದಿತ್ತು. ಅಳುವಿನ ಮರೆಯಲ್ಲಿ ಎಷ್ಟೊಂದು ಬಚ್ಚಿಡಬಹುದೆಂದು ಅವನಿಗೆ ಆಮೇಲೆ ಹೊಳೆಯಿತು, ಹೇಸಿಗೆಯೂ ಆಯಿತು. ಕೃತಜ್ಞತೆ, ಕೃತಜ್ಞತೆ ಎಂದು ಒಳಗೊಳಗೇ ಜಪಿಸುತ್ತಿದ್ದುದು ಬರೀ ಹೆದರಿಕೆಯಾಗಿತ್ತು. ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಇರಲಿ ಎಂಬ ಲೆಕ್ಕಾಚಾರವಾಗಿತ್ತು. ವರ್ಗವಾಗಿ ಶಿಕಾರಿಪುರಕ್ಕೆ ಬಂದ ಮೇಲೂ ಸೊರಬದ ಪ್ರತಿ ಸಾವಿಗೆ ಹೋದ, ಶಿಕಾರಿಪುರದ ಪ್ರತಿ ಸಾವಿಗೂ ಹೋದ. ಎರಡೂ ಕಡೆಯವರು ಇವನಂಥ ನಿಯತ್ತಿನವನಿಲ್ಲ ಎಂದರು. ಸರದಿ ಸುತ್ತಿ ಸುತ್ತಿ ಕೊನೆಗೆ ಎರಡು ಹಾರೆಗಳೂ ಒಂದೇ ಡ್ರಮ್ಮಿನ ಹಿಂದೆ ಬಂದು ನಿಂತವು. ಬೇಡ ಎನ್ನಲು ಕಾರಣ ಹೇಳಬೇಕಿತ್ತು.

ಫೋನು ಬಡಿದುಕೊಂಡಿತು. ಶಿಕಾರಿಪುರದ ಗಿರೀಶ. ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವನು, ಮಂಡಿಯಲ್ಲಿ ಮೆಕ್ಕೆಜೋಳದ ವ್ಯಾಪಾರದವನು. ಅಲ್ಲಿಯೂ ಸಾವಾಗಿದೆಯೆಂದು ಫೋನು ಎತ್ತುವ ಮೊದಲೇ ಮಾಳೇಶನಿಗೆ ಗೊತ್ತಾಗಿಹೋಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. "ಮಾಳೇಶಣ್ಣ, ಯಲ್ಲಪ್ಪಜ್ಜ ಹೋಗ್ಬಿಟ್ರು. ಈಗ ಚಾ ಕುಡದು ಲೋಟ ಕೆಳಗಿಟ್ಟಾರ, ಅಷ್ಟೇ. ಹಾರೆ ನಿಮ್ಮನ್ಯಾಗ ಐತಲ್ಲ, ಬರ್ರಿ." ಸಂತೆಯ ಗದ್ದಲ ಫೋನಿನೊಳಗೆ ಹೋಗದಿರಲೆಂದು ಮಾಳೇಶ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡ ಬಾಯಿಂದಲೇ, "ನನಗೆ ಮೈಯಾಗ ಹುಷಾರಿಲ್ಲ ಗಿರೀಶ, ಜ್ವರ ಐತಿ, ಏಳಾಕಾಗವಲ್ದು," ಎಂದ. ಹಾರೆ ಹಿಡಿದವನು ಹಾಸಿಗೆ ಹಿಡಿದರೆ ಬಳಗದವನೊಬ್ಬ ಮನೆಗೆ ಬಂದು, ಅವನ ಅಂಗಳದ ಒಂದು ಹಿಡಿ ಮಣ್ಣಿನ ಜೊತೆಗೆ ಹಾರೆಯನ್ನು ಒಯ್ಯಬಹುದು, ಅದೂ ಕಟ್ಟಳೆಯಲ್ಲೇ ಇದೆ. "ಅಯ್ಯೋ ಹೌದೇನಣ್ಣ, ಮಲಗ್ರಿ ಮಲಗ್ರಿ. ನಾನ ಬಂದು ಒಯ್ತೀನಿ. ನಿಮ್ಮನ್ನೂ ನೋಡಿದಂಗಾತು," ಎಂದ ಗಿರೀಶ. ಫೋನು ಇಟ್ಟ ಮೇಲೆ ಮಾಳೇಶನಿಗೆ ಹೊಳೆಯಿತು. ಈಗ ಮನೆಯಲ್ಲಿರುವುದು ಸೊರಬದ ಹಾರೆ.

ನಾಗಶ್ರೀಗೆ ಫೋನು ಮಾಡಿದ. ಗಿರೀಶ ಬರುತ್ತಾನೆ, ಡ್ರಮ್ಮಿನ ಹಿಂದಿರುವ ಹಾರೆ ಕೊಡು, ಬಳೆ ಎಲ್ಲಿ ಎಂದರೆ ಬಿದ್ದುಹೋಗಿದೆ ಅನ್ನು, ನನ್ನನ್ನು ಕೇಳಿದರೆ ಆಸ್ಪತ್ರೆಗೆ ಹೋದರು ಅನ್ನು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಕುಕ್ಕರು ಕೂಗಿ ನಿಂತದ್ದು ಕೇಳಿಸಿತು. "ಮೂರು ಗೀರು ಎಲ್ಲಿಂದ ಬಂದ್ವು ಅಂದ್ರೆ ಏನನ್ಲಿ?" ಎಂದಳು. ಅವನು ಅದನ್ನು ಯೋಚಿಸಿರಲಿಲ್ಲ. "ರೀ, ನಿಮಗೆ ಎಷ್ಟು ಸಲ ಹೇಳ್ದೆ. ಹೇಳಿಬಿಡ್ರಿ, ಹೇಳಿಬಿಡ್ರಿ ಅಂತ. ಯಲ್ಲಪ್ಪಜ್ಜ ಹೋದ ವಾರ ಸೈತ ಮನಿಗೆ ಬಂದಿದ್ರು, ಅತ್ತೆ ಕಾಲ ಹತ್ರ ಕೂತಿದ್ರು. ಆವಾಗ ಹೇಳಬಹುದಿತ್ತು." ಹೌದು, ಬಂದಿದ್ದ. ಅವ್ವ ಗುಡ್ಡಮ್ಮ ಎದೆಗೆ ದಿಂಬು ಇಟ್ಟುಕೊಂಡು ಏದುಸಿರಿನಲ್ಲಿ ಮಾತಾಡಿದ್ದಳು. ಈಗ ಅವಳು ಬೇರೆ ಏನನ್ನೂ ಕೇಳುತ್ತಿರಲಿಲ್ಲ, ಯಾರ ಮಣ್ಣಿಗೆ ಹೋಗಿದ್ದಿ, ಯಾರು ಯಾರು ಬಂದಿದ್ದರು, ಎದುರು ಹೆಗಲು ಯಾರದು ಎಂದಷ್ಟೇ ಕೇಳುತ್ತಿದ್ದಳು. ಕೇಳಿ ಕೇಳಿ ಸಮಾಧಾನವಾಗಿ ನಿದ್ದೆ ಹೋಗುತ್ತಿದ್ದಳು. "ನಮ್ಮ ಬಳಗ ಕೈ ಬಿಡಂಗಿಲ್ಲ ಯಲ್ಲಪ್ಪಣ್ಣ," ಎಂದಿದ್ದಳು ಆ ದಿನ. "ಬಿಡಂಗಿಲ್ಲವ್ವ," ಎಂದಿದ್ದ ಆತ. ಆ ಮಾತಿಗೆ ಹೇಗೆ ಕಲ್ಲು ಹಾಕುವುದು ಎಂದು ಮಾಳೇಶ ಸುಮ್ಮನಿದ್ದ. ಈಗ ಗುಟ್ಟು ಒಡೆದರೆ ಆ ಮುದುಕಿಯನ್ನು ಹೊರಲು ತನ್ನದೊಂದು ಹೆಗಲು ಬಿಟ್ಟು ಇನ್ನೊಂದು ಇರುವುದಿಲ್ಲ. "ನಾಗೂ, ಇದೊಂದು ಸಲ," ಎಂದ. ಅವನ ಧ್ವನಿ ಅವನಿಗೇ ಅಸಹ್ಯವೆನಿಸಿತು. "ಅತ್ತೆ ಎದ್ದು ಕೂತಾರ," ಎಂದಷ್ಟೇ ಹೇಳಿ ಅವಳು ಫೋನು ಇಟ್ಟಳು.

ಸಂತೆಯ ಪಕ್ಕದಲ್ಲಿ ಕಬ್ಬಿಣದ ಅಂಗಡಿಯಿತ್ತು. ಅಂಗಡಿಯ ಮುಂದೆ ಹಾರೆಗಳನ್ನು ಗೋಡೆಗೆ ನಿಲ್ಲಿಸಿದ್ದರು. ಅದರ ಮುಂದೆ ಅವನು ಎಷ್ಟು ಹೊತ್ತು ನಿಂತಿದ್ದನೋ, ಅಂಗಡಿಯವನೇ ಹೊರಗೆ ಬಂದು ಏನು ಬೇಕೆಂದ. ಈ ಯೋಚನೆ ತನಗೆ ಬಂದದ್ದು ಎಲ್ಲಿಂದ ಎಂದು ಮಾಳೇಶನಿಗೆ ಅರ್ಥವಾಗಲಿಲ್ಲ. ಇಂಥದ್ದನ್ನು ಯೋಚಿಸುವ ಮನುಷ್ಯ ಬೇರೆ ಯಾರೋ ಇರಬೇಕು, ತಾನಲ್ಲ ಎಂದುಕೊಳ್ಳುತ್ತಲೇ ಒಂದೊಂದನ್ನೇ ಎತ್ತಿ ಭಾರ ನೋಡತೊಡಗಿದ. ಸೊರಬದ ಹಾರೆ ಇದಕ್ಕಿಂತ ಸ್ವಲ್ಪ ಗಿಡ್ಡ. ಎಷ್ಟೋ ಗುಂಡಿಗಳ ಕಲ್ಲಿಗೆ ಬಡಿದು ಬಡಿದು ತುದಿ ಸವೆದಿದೆ. "ಇದಕ್ಕಿಂತ ಸಣ್ಣದು?" ಎಂದ. "ಅಗೆಯಾಕೋ, ಆಡಾಕೋ?" ಎಂದು ಅಂಗಡಿಯವನು ನಕ್ಕ. ಆಮೇಲೆ ಬೈಕಿಗೆ ಕಟ್ಟಿದ್ದನ್ನು ನೋಡಿ, "ಒಂದಿತ್ತಲ್ರಿ, ಮತ್ಯಾಕ?" ಎಂದ. ಮಾಳೇಶ ಒಂದನ್ನು ಆರಿಸಿದ, ತಲೆಯ ಹತ್ತಿರ ಉಳಿಯಿಂದ ಮೂರು ಗೀರು ಹಾಕಿಕೊಡಬೇಕೆಂದ. ಹೀಗೆ, ಪಕ್ಕಪಕ್ಕ. ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಹ್ಯಾಂಡಲ್ಲಿನಲ್ಲಿ ಸಾವಿನ ಹಾರ. ಒಳಗಿನಿಂದ ಉಳಿ ಸುತ್ತಿಗೆ ತಂದು ಮೂರು ಏಟು ಹಾಕಿದ. ಪ್ರತಿ ಏಟಿಗೂ ಮಾಳೇಶನ ಕಣ್ಣು ಮುಚ್ಚಿಕೊಂಡಿತು. ಬಳೆಯ ಹಾರೆಯನ್ನು ಸಂಜೆ ಬಂದು ಒಯ್ಯುತ್ತೇನೆಂದು ಅಲ್ಲೇ ಇಟ್ಟ. ಅಪ್ಪ ಪುಟ್ಟಪ್ಪ ಎಷ್ಟೋ ಸಲ ಹೆಗಲ ಮೇಲೆ ಹೊತ್ತುಕೊಂಡು ಊರ ನಡುವೆ ನಡೆದಿದ್ದ ಹಾರೆ ಮೊಳೆ ಡಬ್ಬಿಗಳ ಸಂದಿಯಲ್ಲಿ ಬಿತ್ತು.

ಸೊರಬದ ರಸ್ತೆಯ ಮಗ್ಗುಲಿನ ಒಂದು ಕೆರೆಯ ಏರಿಯ ಕೆಳಗೆ ಬೈಕು ಇಳಿಸಿದ. ಅಂಗಿಯ ತೋಳು ಮಡಚಿ ನೀರಂಚಿಗೆ ಕೂತು ಹೊಸ ಹಾರೆಗೆ ಮರಳು ಹಚ್ಚಿ ತಿಕ್ಕಿದ. ಕಬ್ಬಿಣಕ್ಕೆ ಅಂಗಡಿಯ ಗ್ರೀಸು ಬಳಿದಿದ್ದರು, ಮರಳಿಗೆ ಅದು ಹೋಗುವ ಹಾಗೆ ಕಾಣಲಿಲ್ಲ. ಮಣ್ಣು ಹಚ್ಚಿದ, ಹಸಿ ಸೆಗಣಿ ಸಿಕ್ಕಿತು, ಅದನ್ನೂ ಹಚ್ಚಿದ. ಗೀರುಗಳ ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಲೇ ಇತ್ತು. ಕಲ್ಲಿನಿಂದ ಜಜ್ಜಿದ, ಬೆರಳು ಜಜ್ಜಿಕೊಂಡಿತು. ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ನಿಂತು ನೋಡಿದ, "ನಮಸ್ಕಾರ್ರಿ ಡಾಕ್ಟ್ರೇ!" ಎಂದು ಕೂಗಿದ. ಯಾವಾಗಲೋ ಅವನ ಕುರಿಗಳಿಗೆ ಸೂಜಿ ಹಾಕಿದ್ದಿರಬೇಕು. "ಏನ್ ತೊಳೀತಿದೀರಿ?" "ಏನಿಲ್ಲ, ಕೆಸರಾಗಿತ್ತು." "ತೊಳೆಯೋಕೆ ಹೋಗಿ ಇನ್ನೂ ಕೆಸರು ಮಾಡ್ತಿದೀರಲ್ರಿ," ಎಂದು ಅವನು ನಗುತ್ತ ಹೋದ. ಮಾಳೇಶನಿಗೆ ಇದ್ದಕ್ಕಿದ್ದಂತೆ ಹಾರೆಯನ್ನು ಕೆರೆಗೆ ಎಸೆದು ತಾನೂ ಅದರ ಹಿಂದೆ ಹೋಗಿಬಿಡಬೇಕೆನಿಸಿತು. ಹಾಗೆ ಅನಿಸಿದ್ದು ನಿಜ. ಆದರೆ ಅದರ ಬೆನ್ನಿಗೇ, ಹಾಗೆ ಹೋದರೆ ತನ್ನನ್ನು ಎತ್ತಲು ಯಾವ ಬಳಗ ಬಂದೀತು ಎಂಬ ಪ್ರಶ್ನೆ ಎದ್ದಿತು, ಸಾಯುವ ಯೋಚನೆಯಲ್ಲೂ ಇದನ್ನು ಬಿಡದ ತನ್ನ ಬುದ್ಧಿಗೆ ಅವನು ಗಟ್ಟಿಯಾಗಿ ಥೂ ಎಂದ. ಭೀಮಣ್ಣನ ಫೋನು ಬಂತು. "ಎಲ್ಲಿ ಬಂದ್ರಿ ಡಾಕ್ಟ್ರೇ? ಎಲ್ಲಾ ಆತು ಮಾರಾಯ್ರೆ, ನಿಮ್ಮದೇ ದಾರಿ ನೋಡ್ತಾ ಇದೀವಿ." ಬಂದೆ ಎಂದ. ಹಾರೆಯನ್ನು ಕಟ್ಟಿ ಹೊರಟ.

ರಾಜೇಶ್ವರಮ್ಮನನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಬಾಯಿಗೆ ವೀಳ್ಯ. ಅವಳು ಸತ್ತವಳಂತೆ ಕಾಣದೆ, ಯಾರಿಗೋ ಕಾದು ಕಾದು ಹಾಗೇ ತೂಕಡಿಸಿದವಳಂತೆ ಕಂಡಳು. ಹಾರ ಹಾಕಲು ಬಗ್ಗಿದಾಗ ಮಾಳೇಶನಿಗೆ ಅವಳ ಮಡಿಲಿನಲ್ಲಿ ಮೇಲ್ಮುಖವಾಗಿದ್ದ ಅಂಗೈ ಕಂಡಿತು. ಹೇಳಿಬಿಡಬೇಕು ಎನಿಸಿತು. ಈಗ, ಇಲ್ಲೇ, ಇವಳ ಕಿವಿಯಲ್ಲಾದರೂ. ಭೀಮಣ್ಣ ಬಂದು ಅವನ ಬೆನ್ನ ಮೇಲೆ ಕೈಯಿಟ್ಟ. "ನಿನ್ನೆ ಸಂಜೆ ಸೈತ ನಿಮ್ಮನ್ನ ನೆನೆಸಿದ್ಳು. ಡಾಕ್ಟ್ರು ಬರ್ತಾರಾ ಅಂದ್ಳು. ಹಾರೆ ಅವರತ್ರನೇ ಐತಲ್ಲಕ್ಕ, ಬರದೆ ಎಲ್ಲಿಗೆ ಹೋಗ್ತಾರೆ ಅಂದೆ." ಮಾಳೇಶ ಬಾಯಿ ತೆರೆದ. "ಭೀಮಣ್ಣ," ಎಂದ. "ಹೇಳ್ರಿ," ಎಂದು ಭೀಮಣ್ಣ ಅವನ ಮುಖವನ್ನೇ ನೋಡುತ್ತ ನಿಂತ. ಯಾರೂ ಕಾಫಿ ತರಲಿಲ್ಲ. ಯಾರೂ ಕರೆಯಲಿಲ್ಲ. ಹೇಳಲು ಬೇಕಾದಷ್ಟು ಹೊತ್ತು ಅಲ್ಲಿತ್ತು. "ತಡ ಆಯ್ತು, ಹೋಗೋಣ," ಎಂದ ಮಾಳೇಶ.

ಊರಾಚೆಯ ಮಸಣದಲ್ಲಿ ಜಾಗ ಗುರುತು ಮಾಡಿದ್ದರು. ಅದಕ್ಕೆ ಸ್ವಲ್ಪ ದೂರದಲ್ಲಿ ಒಂದು ಲಕ್ಕಿ ಗಿಡ, ಅದರ ಬುಡದಲ್ಲಿ ಅವನ ಕೂಸು. ಅತ್ತ ಅವನು ನೋಡಲಿಲ್ಲ. ಸುತ್ತ ಬಳಗದವರು ನಿಂತರು, ಎಲ್ಲರ ಹೆಗಲಲ್ಲೂ ಬಿಳಿ ಟವಲು. ಮಾಳೇಶ ಹಾರೆಯನ್ನು ಎರಡೂ ಕೈಯಿಂದ ಎತ್ತಿ ಮೊದಲ ಏಟು ಹಾಕಿದ. ಹೊಸ ತುದಿ ಚೂಪಾಗಿತ್ತು, ನೆಲಕ್ಕೆ ಸಲೀಸಾಗಿ ಇಳಿಯಿತು, ಹಳೆಯದು ಇಷ್ಟು ಸಲೀಸಾಗಿ ಎಂದೂ ಇಳಿದಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಆಯಿತು, ಮುಗಿಯಿತು ಎಂದು ಅವನ ಎದೆ ಒಂದು ಗಳಿಗೆ ಹಗುರಾಯಿತು. ಆಮೇಲೆ ಅವನಿಗೆ ನೆನಪಾಯಿತು. ಮೊದಲ ಏಟಿನವನು ಹಾರೆಯನ್ನು ಪಕ್ಕದವನಿಗೆ ಕೊಡಬೇಕು, ಆತ ಒಂದು ಏಟು ಹಾಕಿ ಮುಂದಿನವನಿಗೆ ಕೊಡಬೇಕು, ಬಳಗದ ಪ್ರತಿಯೊಬ್ಬನ ಕೈಯೂ ಮುಟ್ಟಿದ ಮೇಲೆಯೇ ಗುದ್ದಲಿ ಸಲಿಕೆ. ಇದನ್ನು ಎಷ್ಟೋ ಸಲ ಮಾಡಿದ್ದ. ಬೆಳಗಿನಿಂದ ಮೊದಲ ಏಟನ್ನಷ್ಟೇ ಯೋಚಿಸಿ ಯೋಚಿಸಿ ಎರಡನೆಯದನ್ನು ಮರೆತೇಬಿಟ್ಟಿದ್ದ.

ಭೀಮಣ್ಣ ಹಾರೆ ತೆಗೆದುಕೊಂಡ. ಅವನ ಕೈ ಒಂದು ಕ್ಷಣ ತಡೆಯಿತು. ಕಣ್ಣು ಹಾರೆಯ ಮೇಲೆ ಹೋಗಲಿಲ್ಲ, ನೋಡುವ ಅಗತ್ಯ ಅವನಿಗಿರಲಿಲ್ಲ. ಆ ಕೈ ನಲವತ್ತು ವರ್ಷದಿಂದ ಹಳೆಯ ಹಾರೆಯನ್ನು ಹಿಡಿಯುತ್ತ ಬಂದಿತ್ತು. ಅವನು ಏಟು ಹಾಕಿ ಪಕ್ಕದಲ್ಲಿ ನಿಂತಿದ್ದ ಕೆಂಪಪ್ಪನಿಗೆ ಕೊಟ್ಟ. ಕೆಂಪಪ್ಪನ ಕೈಯೂ ತಡೆಯಿತು. ಅವನು ಭೀಮಣ್ಣನ ಮುಖ ನೋಡಿದ, ಭೀಮಣ್ಣ ನೆಲ ನೋಡುತ್ತಿದ್ದ. ಕೆಂಪಪ್ಪ ಏಟು ಹಾಕಿದ, ಮುಂದಿನವನಿಗೆ ಕೊಟ್ಟ, ಅಂಗೈ ನೋಡಿಕೊಂಡ. ಅಂಗೈ ಕಪ್ಪಾಗಿತ್ತು. ಅವನು ಅದನ್ನು ಹೆಗಲ ಟವಲಿಗೆ ಒರೆಸಿಕೊಂಡ. ಹಾರೆ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಲೇ ಇತ್ತು, ಹೋದಲ್ಲೆಲ್ಲ ಒಂದು ಕ್ಷಣ ತಡೆಯುತ್ತಿತ್ತು, ಆಮೇಲೆ ಏಟು, ಆಮೇಲೆ ಬಿಳಿ ಟವಲಿನ ಮೇಲೆ ಒಂದು ಕಪ್ಪು ಗುರುತು. ಮಾಳೇಶ ನಿಂತು ನೋಡಿದ. ಯಾರಾದರೂ ಬೈದಾರು, ಕೊರಳಪಟ್ಟಿ ಹಿಡಿದಾರು ಎಂದು ಕಾದ, ಬೈಯಲಿ ಎಂದು ಬೇಡಿಕೊಂಡ. ಅವರು ರಾಜೇಶ್ವರಮ್ಮನಿಗೆ ಮಣ್ಣು ಕೊಡಲು ಬಂದವರು, ಆ ಕೆಲಸವನ್ನು ಮಾತ್ರ ಮಾಡಿದರು. ಅವನನ್ನು ಹೆಗಲು ಕೊಡುವುದರಿಂದಲೂ ತಡೆಯಲಿಲ್ಲ. ಗುಂಡಿ ತೋಡಿ ಮುಗಿಸಿ, ಮನೆಗೆ ತಿರುಗಿ ಹೋಗಿ ಚಟ್ಟ ಎತ್ತಿದಾಗ ಹಿಂದಿನ ಎಡಗಡೆಗೆ ಅವನು ಹೆಗಲು ಕೊಟ್ಟ, ಭಾರವೇ ಇಲ್ಲದ ಮುದುಕಿ, ಆದರೂ ಅವನ ಕಾಲು ಎರಡು ಸಲ ತಡವರಿಸಿತು. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದ.

ಮಣ್ಣು ಮುಗಿದ ಮೇಲೆ ಕಾಲುವೆಯಲ್ಲಿ ಕೈಕಾಲು ತೊಳೆದರು. ಹಾರೆಯನ್ನು ತೊಳೆಯುವುದು ತಂದವನ ಕೆಲಸ. ಮಾಳೇಶ ತೊಳೆದ. ಸೆಗಣಿ ಹೋಯಿತು, ಕೆಸರು ಹೋಯಿತು, ಹೊಸ ಕಬ್ಬಿಣ ಹೊರಗೆ ಬಂತು. ಅದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದುಕೊಂಡು ಕೆಂಪಪ್ಪನ ಮುಂದೆ ನಿಂತ, ಸರದಿ ಕೆಂಪಪ್ಪನದು. ಕೆಂಪಪ್ಪ ಕೈ ಚಾಚಲಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. "ಅದು ನಿಮ್ಮತ್ರನೇ ಇರಲಿ ಡಾಕ್ಟ್ರೇ," ಎಂದ. ಬಹಳ ಮರ್ಯಾದೆಯಿಂದಲೇ ಎಂದ. ಮಾಳೇಶ ಪಕ್ಕದವನ ಕಡೆ ತಿರುಗಿದ, ಆತ ಟವಲು ಹಿಂಡುತ್ತಿದ್ದ. ಅದರಾಚೆಯವನು ಚಪ್ಪಲಿ ಹುಡುಕುತ್ತಿದ್ದ. "ನಮ್ಮ ಹಾರೆ ಎಲ್ಲಿ ಐತಿ?" ಎಂದು ಭೀಮಣ್ಣ ಕೇಳಿದ. ಮಾಳೇಶ ಹೇಳಿದ. ಶಿಕಾರಿಪುರದಲ್ಲಿ, ಮನೆಯಲ್ಲಿ, ಅಲ್ಲಿಯೂ ಒಂದು ಬಳಗ, ಅಪ್ಪನದು, ಅಲ್ಲಿಯೂ ಇವತ್ತೇ ಸಾವು, ಕತ್ತಲಲ್ಲಿ ಅದಲುಬದಲು. ಅಷ್ಟು ವರ್ಷ ಬಾರದ ಮಾತು ಈಗ ಬೇಡವೆಂದರೂ ನಿಲ್ಲದೆ ಬಂತು. ಭೀಮಣ್ಣ ಪೂರ್ತಿ ಕೇಳಿಸಿಕೊಂಡ. "ಎರಡು ಬಳಗ ಐತಿ ಅಂದಿದ್ರೆ ಬೇಡ ಅಂತಿದ್ವಾ ಡಾಕ್ಟ್ರೇ? ಕೂಸಿನ ದಿನ ಹೇಳಿದ್ರೂ ಆಗ್ತಿತ್ತು, ಇವತ್ತು ಬೆಳಿಗ್ಗೆ ಹೇಳಿದ್ರೂ ಆಗ್ತಿತ್ತು. ಬರಿಗೈಲಿ ಬಂದು ತಪ್ಪಾತು ಅಂದಿದ್ರೂ ಸಾಕಾಗಿತ್ತು, ಗುದ್ದಲಿಲಿ ತೋಡ್ತಿದ್ವಿ. ನನ್ನಕ್ಕನ ಗುಂಡಿಗೆ ಅಂಗಡಿ ಕಬ್ಬಿಣ ತಂದ್ರಲ್ಲ ಮಾರಾಯ್ರೆ." ಅವನ ಕಣ್ಣು ತುಂಬಿತು. ಕೋಪಕ್ಕೋ ದುಃಖಕ್ಕೋ ಮಾಳೇಶನಿಗೆ ತಿಳಿಯಲಿಲ್ಲ. "ನಮ್ಮದನ್ನ ಯಾರ ಕೈಲಾದ್ರೂ ಕಳಿಸಿಕೊಡ್ರಿ. ನೀವು ಬರೋದು ಬೇಡ," ಎಂದು ಭೀಮಣ್ಣ ತಿರುಗಿ ಊರ ದಾರಿ ಹಿಡಿದ. ಉಳಿದವರು ಅವನ ಹಿಂದೆ ಹೊರಟರು.

ಫೋನು ಬಂದಾಗ ಹಾರೆ ಇನ್ನೂ ಅವನ ಕೈಯಲ್ಲಿತ್ತು. ನಾಗಶ್ರೀ. "ಅತ್ತೆ ಮಾತಾಡ್ಬೇಕಂತೆ," ಎಂದಳು. ಅವ್ವನ ಉಸಿರು ಮೊದಲು ಕೇಳಿಸಿತು, ಆಮೇಲೆ ಮಾತು. "ತಮ್ಮಾ, ಗಿರೀಶ ಬಂದಿದ್ದ. ನಾಗೂ ಪಾಪ ಏನು ಹೇಳ್ಬೇಕಂತ ತಿಳೀದ ನಿಂತಿದ್ಲು. ನಾನ ಹೇಳ್ಬಿಟ್ಟೆ. ನನ್ನ ಮಗಗ ಸೊರಬದಾಗೂ ಬಳಗ ಐತಿ, ಅಲ್ಲಿಗೆ ಮಣ್ಣಿಗೆ ಹೋಗ್ಯಾನ, ಜ್ವರ ಗಿರ ಏನಿಲ್ಲ ಅಂದೆ. ನನಗ ಗೊತ್ತಿಲ್ಲಂತ ಮಾಡಿದ್ದೇನು? ಮಂಚದ ಮ್ಯಾಲಿಂದ ಡ್ರಮ್ಮಿನ ಹಿಂದಿನ ಎರಡು ಹಾರೆ ಕಾಣಂಗಿಲ್ಲೇನು? ಅವನು ಹಿರೇರಿಗೆಲ್ಲ ಫೋನ್ ಮಾಡ್ದ. ಹೇಳದ ಎರಡು ಕಡೆ ಇದ್ದ ಮನಿ ನಮಗ ಬ್ಯಾಡ ಅಂದ್ರಂತ. ಬ್ಯಾಡಂದ್ರ ಬ್ಯಾಡಪ್ಪ, ನಮ್ಮನ್ನ ಬಿಟ್ಬಿಡ್ರಿ ಅಂದೆ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. ಮಾಳೇಶ ಅವ್ವಾ ಎಂದ.

"ಅಳಬ್ಯಾಡ ನೀನು," ಎಂದಳು ಗುಡ್ಡಮ್ಮ. ಅವಳ ಧ್ವನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಕಸುವಿತ್ತು. "ಇಷ್ಟು ದಿನ ನನ್ನ ಸಲುವಾಗಿ ಹೇಳದ ಇದ್ದಿ, ಅದು ನನಗ ತಿಳಿಯಂಗಿಲ್ಲೇನು? ಈ ಕಡೀದು ಹೋದ್ರ ಹೋಗ್ಲಿ, ಆ ಕಡೀದು ಐತಲ್ಲ. ನನ್ನ ಮೊಮ್ಮಗಳನ್ನ ಕೈಯಾಗ ಎತ್ಕೊಂಡು ಹೋದ ಮಂದಿ. ಆ ಕೂಸನ್ನ ಹೊತ್ತೋರು ನನ್ನ ಹೊರಲಾರ್ರೇನು? ನಾನು ಹೋದ್ರ ಅಲ್ಲೇ ಒಯ್ಯಿ, ಕೂಸಿನ ಮಗ್ಗಲಾಗ ಇಡು. ಇಷ್ಟು ದಿನ ಅದೊಂದ ಇತ್ತು ನೋಡು ಮನಸಿನ್ಯಾಗ, ಈಗ ಹಗುರಾತು." ಮಾಳೇಶ "ಹೂಂ" ಎಂದ. "ಅವರು ಅಲ್ಲೇ ಅದಾರೇನು?" ಎಂದಳು ಅವ್ವ. "ಹಿರೇರು ಒಬ್ಬರಿಗೆ ಫೋನ್ ಕೊಡು. ಎಷ್ಟು ವರ್ಷ ಆತು, ನಾನು ಒಂದು ಮಾತು ಆಡಿಲ್ಲ ಅವರ ಕೂಡ."

ಬಳಗದವರು ಊರ ದಾರಿಯ ತಿರುವು ಮುಟ್ಟಿದ್ದರು. ಭೀಮಣ್ಣನ ಬೆನ್ನು ಎಲ್ಲರಿಗಿಂತ ಮುಂದಿತ್ತು. ಕೊಡು ಎಂದಳು ಅವ್ವ, ಮತ್ತೆ ಕೊಡು ಎಂದಳು. ಮಾಳೇಶ ಕೈಯಲ್ಲಿದ್ದ ಹಾರೆಯನ್ನು ಅಲ್ಲೇ ಬಿಟ್ಟು, ಫೋನನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡು, ಭೀಮಣ್ಣ, ಭೀಮಣ್ಣ ಎಂದು ಕೂಗುತ್ತ ಅವರ ಹಿಂದೆ ಓಡತೊಡಗಿದ. ಕೂಗಿಗೆ ಯಾರೂ ತಿರುಗಲಿಲ್ಲ. ಫೋನಿನೊಳಗೆ ಅವ್ವ ಆಗಲೇ ಮಾತು ಶುರುಮಾಡಿದ್ದಳು, "ನಮಸ್ಕಾರ್ರಿ, ನಾನು ಮಾಳೇಶನ ತಾಯಿ."